ಸೇವೆಗೂ ಕಲಿಕೆ ಬೇಕೆಂದ ರಮಾಬಾಯಿ ರಾನಡೆ

ಪುಣೆಯ ಲಕ್ಷ್ಮೀ ರಸ್ತೆಯಲ್ಲಿ ಹಬ್ಬದ ಖರೀದಿಗೆಂದು ಓಡಾಡಿದವರಿಗೆ ಸೇವಾಸದನ ಎಂಬ ಹೆಸರು ಒಮ್ಮೆಯಾದರೂ ಕಣ್ಣಿಗೆ ಬಿದ್ದಿರುತ್ತದೆ. ಮುಂಬಯಿಯ ಗಾಮದೇವಿಯಲ್ಲಿರುವವರಿಗೂ ಆ ಹೆಸರು ಹೊಸದಲ್ಲ. ಕನ್ನಡ, ಮರಾಠಿ ಎರಡೂ ಮನೆಮಾತಾಗಿರುವ ಸೋಲಾಪುರದಲ್ಲಿಯೂ ಅದೇ ಹೆಸರಿನ ಸಂಸ್ಥೆಯಿದೆ. 2012ರಲ್ಲಿ ಝೀ ಮರಾಠಿಯಲ್ಲಿ ಬಂದ 'ಉಂಚ್ ಮಾಝಾ ಝೋಕಾ' ಧಾರಾವಾಹಿಯನ್ನು ನಮ್ಮಲ್ಲಿ ಎಷ್ಟೋ ಮಂದಿ ಸಂಜೆಯ ಅಡುಗೆ ಕೆಲಸವನ್ನು ಬೇಗ ಮುಗಿಸಿಕೊಂಡು ನೋಡಿದ್ದೇವೆ. ಅದರ ನಾಯಕಿಯೇ ರಮಾಬಾಯಿ ರಾನಡೆ. ಪಾಟಿ ಹಿಡಿದು ಗಂಡನಿಂದ ಅಕ್ಷರ ಕಲಿತ ಆ ಪುಟ್ಟ ಸೊಸೆಯನ್ನು ನಾವೆಲ್ಲ ಮೆಚ್ಚಿಕೊಂಡೆವು. ಆದರೆ ಅವರ ಬಾಳಿನ ದೊಡ್ಡ ಕೆಲಸ ನಡೆದದ್ದು ಆಮೇಲೆ, ಗಂಡ ತೀರಿಕೊಂಡ ನಂತರದ 23 ವರ್ಷಗಳಲ್ಲಿ. ಸೇವೆ ಮಾಡುವವರಿಗೆ ಒಳ್ಳೆಯ ಮನಸ್ಸಿನ ಜೊತೆಗೆ ತರಬೇತಿಯೂ ಇರಬೇಕು ಎಂಬ ಮಾತನ್ನು ಅವರು ನೂರು ವರ್ಷಗಳಿಗೂ ಹಿಂದೆ ಕೆಲಸದಲ್ಲಿ ಮಾಡಿ ತೋರಿಸಿದರು. ಸಮಾಜಸೇವೆಯ ಕಾರ್ಯಕ್ರಮಗಳನ್ನು ಹಮ್ಮಿಕೊಳ್ಳುವ ನಮ್ಮಂಥ ಮಹಿಳಾ ವಿಭಾಗಗಳಿಗೆ ಅವರ ಜೀವನ ತಿಳಿದಿರಬೇಕು ಎಂಬ ಆಸೆಯಿಂದ ಈ ಲೇಖನ.

ದೇವರಾಷ್ಟ್ರೆಯ ಯಮುನಾ

ರಮಾಬಾಯಿಯವರು ಹುಟ್ಟಿದ್ದು 1862ರ ಜನವರಿ 25ರಂದು, ಇಂದಿನ ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆ ಎಂಬ ಹಳ್ಳಿಯಲ್ಲಿ. ತವರಿನವರು ಕುರ್ಲೇಕರ್ ಮನೆತನದವರು. ಮಗುವಿಗೆ ಇಟ್ಟ ಹೆಸರು ಯಮುನಾ. ಉಳ್ಳವರ ಮನೆಯಾದರೂ ಹೆಣ್ಣುಮಗುವಿಗೆ ಅಕ್ಷರ ಕಲಿಸುವ ಯೋಚನೆಯೇ ಅಲ್ಲಿರಲಿಲ್ಲ. ಓದಿದ ಹೆಣ್ಣಿಗೆ ವೈಧವ್ಯ ಬರುತ್ತದೆ ಎಂದು ನಂಬಿದ್ದ ಕಾಲ ಅದು.

1873ರಲ್ಲಿ, ಹನ್ನೊಂದರ ಯಮುನಾಳಿಗೆ ಮಹಾದೇವ ಗೋವಿಂದ ರಾನಡೆಯವರೊಂದಿಗೆ ಮದುವೆಯಾಯಿತು. ಅವರಿಗೆ ಆಗ 31 ವರ್ಷ. ಮೊದಲ ಹೆಂಡತಿ ತೀರಿಕೊಂಡಿದ್ದರು. ರಾನಡೆಯವರು ವಿಧವಾ ವಿವಾಹದ ಪರವಾಗಿ ಗಟ್ಟಿಯಾಗಿ ಮಾತಾಡುತ್ತಿದ್ದ ಸುಧಾರಕರು. ಅಂಥವರು ತಂದೆಯ ಒತ್ತಾಯಕ್ಕೆ ಮಣಿದು ವಿಧವೆಯ ಬದಲು ಪುಟ್ಟ ಬಾಲಕಿಯನ್ನು ಮದುವೆಯಾದರು ಎಂದು ಸ್ನೇಹಿತರೂ ಟೀಕಿಸಿದರು, ಶತ್ರುಗಳೂ ನಕ್ಕರು. ಆ ಟೀಕೆಯಲ್ಲಿ ನ್ಯಾಯವಿತ್ತು. ಈ ಮದುವೆಯ ಕಥೆ ಹೇಳುವಾಗ ಆ ಭಾಗವನ್ನು ಬಿಟ್ಟುಬಿಡುವುದು ಸರಿಯಲ್ಲ.

ರಾನಡೆಯವರು ಮದುವೆಯಾದ ಹೊಸದರಲ್ಲೇ ಹೆಂಡತಿಯ ಕೈಗೆ ಪಾಟಿ ಬಳಪ ಕೊಟ್ಟರು. ಕೋರ್ಟಿನ ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ಪಾಠ. ಮೊದಲು ಮರಾಠಿ ಅಕ್ಷರ, ಲೆಕ್ಕ, ಆಮೇಲೆ ಭೂಗೋಳ, ಇತಿಹಾಸ, ಮುಂದೆ ಇಂಗ್ಲಿಷ್. ಹಗಲು ಪಾಠಕ್ಕೆ ಶಿಕ್ಷಕಿಯೊಬ್ಬರನ್ನು ಗೊತ್ತುಮಾಡಿದರು. ಇಂಗ್ಲಿಷ್ ಕಲಿಸಲು ಮಿಸ್ ಹರ್ಫರ್ಡ್ ಎಂಬ ಮಹಿಳೆ ಬರುತ್ತಿದ್ದರು.

ದೊಡ್ಡ ಕುಟುಂಬ. ಮನೆ ತುಂಬ ಹಿರಿಯ ಹೆಂಗಸರು. ಅತ್ತೆಗೂ ನಾದಿನಿಗೂ ಈ ಓದು ಕಣ್ಣಿಗೆ ಬಿದ್ದ ಧೂಳಾಯಿತು. ಹೆಣ್ಣು ಗಂಡಸಿನ ಹಾಗೆ ಪುಸ್ತಕ ಹಿಡಿದು ಕೂರುವುದೆಂದರೆ ಏನು, ಮ್ಲೇಚ್ಛರ ಭಾಷೆ ಕಲಿತು ಮಡಿ ಮೈಲಿಗೆ ಉಳಿಯುವುದುಂಟೆ ಎಂಬ ಚುಚ್ಚುಮಾತುಗಳು ದಿನವೂ ಇದ್ದವು. ರಮಾಬಾಯಿ ಎದುರಾಡಲಿಲ್ಲ, ಗಂಡನ ಹತ್ತಿರ ಚಾಡಿ ಹೇಳಲಿಲ್ಲ, ಓದನ್ನೂ ಬಿಡಲಿಲ್ಲ. ಹಗಲು ಮನೆಗೆಲಸ, ರಾತ್ರಿ ಪಾಠ. ಮನಸ್ಸು ಮುರಿಯದ ಹಾಗೆ ಮಾತನಾಡುವುದನ್ನು, ವಿರೋಧಿಸುವವರ ಜೊತೆಯಲ್ಲೇ ಇದ್ದು ತಮ್ಮ ಕೆಲಸ ಮುಂದುವರಿಸುವುದನ್ನು ಅವರು ಕಲಿತದ್ದು ಆ ಅಡುಗೆಮನೆಯಲ್ಲಿ. ಸಂಸ್ಥೆ ಕಟ್ಟುವ ಹೊತ್ತಿಗೆ ಆ ವಿದ್ಯೆ ಬಹಳ ಉಪಯೋಗಕ್ಕೆ ಬಂತು.

ಊರೂರು ತಿರುಗಿ ಕಲಿತದ್ದು

ನ್ಯಾಯಾಧೀಶರಾದ ಗಂಡನಿಗೆ ವರ್ಗವಾದಲ್ಲೆಲ್ಲ ರಮಾಬಾಯಿ ಜೊತೆಗೆ ಹೋದರು. ನಾಸಿಕದಲ್ಲಿ ಅವರು ಮೊದಲ ಬಾರಿಗೆ ಸಭೆಯಲ್ಲಿ ನಿಂತು ಮಾತಾಡಿದರು. ಆ ಭಾಷಣವನ್ನು ಬರೆದುಕೊಟ್ಟವರು ರಾನಡೆಯವರೇ. ಮುಂದೆ ರಾನಡೆಯವರು ದಖ್ಖನಿನ ರೈತರ ಸಾಲ ಪರಿಹಾರ ಕಾಯಿದೆಯ ವಿಶೇಷ ನ್ಯಾಯಾಧೀಶರಾದಾಗ ಹಳ್ಳಿಹಳ್ಳಿ ತಿರುಗುವ ಕೆಲಸ ಬಂತು. ಆ ಪ್ರವಾಸಗಳಲ್ಲಿಯೂ ರಮಾಬಾಯಿ ಜೊತೆಗಿದ್ದರು. ಪುಣೆಯ ವಾಡೆಯೊಳಗೆ ಕುಳಿತಿದ್ದರೆ ಕಾಣಲಾಗದಿದ್ದ ಹೆಣ್ಣುಮಕ್ಕಳ ಬದುಕು ಅಲ್ಲಿ ಕಣ್ಣೆದುರಿಗೆ ಬಂತು.

1882ರಲ್ಲಿ ಪಂಡಿತಾ ರಮಾಬಾಯಿ ಪುಣೆಗೆ ಬಂದರು. ಇವರು ನಮ್ಮ ಕರ್ನಾಟಕದ ನೆಲದಲ್ಲಿ, ಕಾರ್ಕಳದ ಮೇಲಿನ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದವರು. ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೂ ಹೆಣ್ಣುಮಕ್ಕಳಿಗೂ ಸಂಸ್ಕೃತ ಕಲಿಸಿ ಊರಿನವರ ಸಿಟ್ಟಿಗೆ ಗುರಿಯಾದವರು. ತಂದೆತಾಯಿಯನ್ನು ಕಳೆದುಕೊಂಡು, ಭಾರತವನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ, ಕಲ್ಕತ್ತದ ವಿದ್ವಾಂಸರಿಂದ ಪಂಡಿತೆ ಎನಿಸಿಕೊಂಡು ಬಂದ ಈ ಇಪ್ಪತ್ತನಾಲ್ಕರ ತರುಣಿ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಕಟ್ಟಿದರು. ಅದರ ಸಭೆಗಳಿಗೆ ಹೋಗುತ್ತಿದ್ದವರಲ್ಲಿ ರಮಾಬಾಯಿ ರಾನಡೆಯವರೂ ಒಬ್ಬರು. ಮನೆಯ ಹಿರಿಯರಿಗೆ ಇದು ಸುತರಾಂ ಹಿಡಿಸಲಿಲ್ಲ. ಆದರೆ ಶಾಸ್ತ್ರವನ್ನು ಗಂಡಸರಿಗಿಂತ ಚೆನ್ನಾಗಿ ಬಲ್ಲ ಹೆಣ್ಣೊಬ್ಬಳು ಎದುರಿಗೆ ನಿಂತಿದ್ದಾಗ, ಓದು ಹೆಣ್ಣಿಗೆ ಸಲ್ಲದು ಎಂಬ ಮಾತಿಗೆ ಬೆಲೆ ಎಲ್ಲಿಂದ ಬರಬೇಕು?

ಮುಂದೆ ಹೆಣ್ಣುಮಕ್ಕಳಿಗೆ ಹೈಸ್ಕೂಲು ಬೇಕೆಂದು ಕೇಳುವ ಸಭೆಯೊಂದು ಗವರ್ನರ್ ಸರ್ ಜೇಮ್ಸ್ ಫರ್ಗುಸನ್ ಅವರ ಎದುರು ನಡೆಯಿತು. ಅಲ್ಲಿ ಇಂಗ್ಲಿಷಿನ ಮನವಿಯನ್ನು ಓದಿದವರು ರಮಾಬಾಯಿ. ಮನೆಗೆ ಬಂದ ಮೇಲೆ ಬೈಗುಳದ ಮಳೆ. ಅವರು ತುಟಿ ಬಿಚ್ಚಲಿಲ್ಲ. 1884ರಲ್ಲಿ ಹುಜೂರ್‌ಪಾಗಾ ಎಂದು ಇಂದಿಗೂ ಹೆಸರಾಗಿರುವ ಹೆಣ್ಣುಮಕ್ಕಳ ಹೈಸ್ಕೂಲು ಪುಣೆಯಲ್ಲಿ ತೆರೆಯಿತು.

1886ರಲ್ಲಿ ರಾನಡೆಯವರು ಸರಕಾರದ ಹಣಕಾಸು ಸಮಿತಿಯ ಸದಸ್ಯರಾಗಿ ಕಲ್ಕತ್ತಕ್ಕೆ ಹೋದಾಗ ದಂಪತಿ ಬಂಗಾಳಿ ಕಲಿಯತೊಡಗಿದರು. ಕ್ಷೌರ ಮಾಡಲು ಬಂದ ನಾಪಿತನ ಹತ್ತಿರವೂ ರಾನಡೆಯವರು ಬಂಗಾಳಿ ಶಬ್ದಗಳ ಅರ್ಥ ಕೇಳಿಕೊಳ್ಳುತ್ತಿದ್ದರಂತೆ. ಹೆಂಡತಿಗೆ ನಗು ಬಂದಾಗ, ದತ್ತಾತ್ರೇಯರು ಇಪ್ಪತ್ತನಾಲ್ಕು ಗುರುಗಳನ್ನು ಮಾಡಿಕೊಂಡ ಕಥೆಯನ್ನು ನೆನಪಿಸಿದರಂತೆ. ಯಾರಿಂದಲಾದರೂ, ಎಲ್ಲಿಯಾದರೂ ಕಲಿಯಬಹುದು ಎಂಬ ಈ ಪಾಠವನ್ನು ರಮಾಬಾಯಿ ಮರೆಯಲಿಲ್ಲ.

1893ರಲ್ಲಿ ರಾನಡೆಯವರು ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಮುಂಬಯಿಯಲ್ಲಿ ರಮಾಬಾಯಿಯವರು ಹಿಂದೂ ಲೇಡೀಸ್ ಸೋಶಿಯಲ್ ಅಂಡ್ ಲಿಟರರಿ ಕ್ಲಬ್ ಎಂಬ ಮಹಿಳಾ ಸಂಘ ಕಟ್ಟಿದರು. ಭಾಷೆ, ಸಾಮಾನ್ಯ ಜ್ಞಾನ, ಹೊಲಿಗೆ, ಕೈಕೆಲಸ ಇವುಗಳ ತರಗತಿಗಳು ಅಲ್ಲಿ ನಡೆಯುತ್ತಿದ್ದವು. ಹರಟೆಗಾಗಿ ಸೇರುವ ಹೆಂಗಸರನ್ನು ಕಲಿಕೆಗಾಗಿ ಸೇರಿಸಬಹುದು ಎಂಬುದು ಅಲ್ಲಿ ಸಿಕ್ಕ ಅನುಭವ.

ಹಣ್ಣು ಹೂವಿನಿಂದಾಚೆಗೆ

1901ರ ಜನವರಿಯಲ್ಲಿ ನ್ಯಾಯಮೂರ್ತಿ ರಾನಡೆ ತೀರಿಕೊಂಡರು. ರಮಾಬಾಯಿಯವರಿಗೆ ಆಗ 39 ವರ್ಷ ತುಂಬುವುದರಲ್ಲಿತ್ತು. ಮಕ್ಕಳಿರಲಿಲ್ಲ. ಮುಂಬಯಿ ಬಿಟ್ಟು ಪುಣೆಯ ಮನೆಗೆ ಬಂದು ಸುಮಾರು ಒಂದು ವರ್ಷ ಹೊರಗಿನ ಓಡಾಟವನ್ನೆಲ್ಲ ನಿಲ್ಲಿಸಿದರು. ದೊಡ್ಡ ಮನೆತನದ ವಿಧವೆ, ಜಪತಪದಲ್ಲಿ ದಿನ ಕಳೆದಿದ್ದರೆ ಯಾರೂ ಏನೂ ಹೇಳುತ್ತಿರಲಿಲ್ಲ. ಎಲ್ಲರೂ ಗೌರವದಿಂದ ನಮಸ್ಕರಿಸುತ್ತಿದ್ದರು.

ಅವರು ಹೊರಗೆ ಬಂದದ್ದು ನಾವೆಲ್ಲರೂ ಇಂದಿಗೂ ಮಾಡುವ ರೀತಿಯ ಸೇವೆಯಿಂದ. ಪುಣೆಯ ಸೆಂಟ್ರಲ್ ಜೈಲಿನ ಮಹಿಳಾ ಕೈದಿಗಳನ್ನು ತಪ್ಪದೆ ಕಂಡು ಅವರ ಕಷ್ಟಸುಖ ಕೇಳುತ್ತಿದ್ದರು, ಒಳ್ಳೆಯ ಮಾತು ಹೇಳುತ್ತಿದ್ದರು. ತಪ್ಪು ಮಾಡಿದ ಹುಡುಗರ ಸುಧಾರಣಾ ಶಾಲೆಗೆ ಹಬ್ಬದ ದಿನ ಸಿಹಿ ಒಯ್ಯುತ್ತಿದ್ದರು. ಆಸ್ಪತ್ರೆಯ ರೋಗಿಗಳಿಗೆ ಹಣ್ಣು, ಹೂವು, ಪುಸ್ತಕ ಕೊಡುತ್ತಿದ್ದರು. ಆಳಂದಿಯಲ್ಲಿ ಆಷಾಢಿ, ಕಾರ್ತಿಕಿ ಜಾತ್ರೆಗಳಿಗೆ ಬರುವ ಯಾತ್ರಿಕರ ಕಷ್ಟ ಕೇಳಲು ಹೋಗುವುದು ಮುಂದೆ ಅವರ ವರ್ಷದ ಕೆಲಸವೇ ಆಯಿತು. ಗುಜರಾತ್, ಕಾಠಿಯಾವಾಡದಲ್ಲಿ ಬರ ಬಿದ್ದಾಗ ನೆರವಿನ ಕೆಲಸಕ್ಕೆ ನಿಂತರು.

ಒಬ್ಬ ಹಿರಿಯ ಮಹಿಳೆ ವಾರಕ್ಕೊಮ್ಮೆ ಬಂದು ರೋಗಿಯ ತಲೆ ಸವರಿ, ಒಂದು ಮೋಸಂಬಿ ಕೊಟ್ಟು ಹೋದರೆ ರೋಗಿಗೆ ಹಿತವಾಗುತ್ತದೆ. ಆದರೆ ಆ ರಾತ್ರಿ ಜ್ವರ ಏರಿದಾಗ ಪಕ್ಕದಲ್ಲಿ ಇರಬೇಕಾದವಳು ಬೇರೆ. ಜ್ವರ ಅಳೆಯಲು ಬರುವವಳು, ಗಾಯ ಕಟ್ಟಲು ಗೊತ್ತಿರುವವಳು, ಯಾವಾಗ ಡಾಕ್ಟರನ್ನು ಕರೆಯಬೇಕು ಎಂದು ತಿಳಿದವಳು ಅಲ್ಲಿರಬೇಕು. 1897ರ ಪ್ಲೇಗಿನ ನೆನಪು ಪುಣೆಯಲ್ಲಿ ಇನ್ನೂ ಹಸಿಯಾಗಿತ್ತು. ಮನೆಮನೆ ತಪಾಸಣೆಗೆ ಸೈನಿಕರು ನುಗ್ಗಿದಾಗ ಹೆಂಗಸರು ಪಟ್ಟ ಅವಮಾನವನ್ನು ಊರು ಮರೆತಿರಲಿಲ್ಲ. ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಲೇ ಸಾವಿತ್ರಿಬಾಯಿ ಫುಲೆಯವರು ತೀರಿಕೊಂಡದ್ದೂ ಅದೇ ವರ್ಷ. ಹೆಣ್ಣುಮಕ್ಕಳ ಶುಶ್ರೂಷೆಗೆ ತರಬೇತಾದ ನಮ್ಮದೇ ಹೆಣ್ಣುಮಕ್ಕಳು ಆಗ ಬಹಳ ಅಪರೂಪವಾಗಿದ್ದರು.

ಇನ್ನೊಂದು ಕಡೆ, ಪುಣೆಯ ವಾಡೆಗಳ ಹಿಂಬದಿಯ ಕೋಣೆಗಳಲ್ಲಿ ಬಾಲವಿಧವೆಯರಿದ್ದರು. ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು, ಎಲ್ಲರ ಮನೆಯ ಮುಸುರೆ ತಿಕ್ಕಿ, ಒಪ್ಪೊತ್ತು ಉಂಡು ದಿನ ದೂಡುತ್ತಿದ್ದರು. ಅವರಿಗೆ ಯಾರೋ ಒಂದು ಸೀರೆ ದಾನ ಕೊಟ್ಟರೆ ಅದು ಒಂದು ವರ್ಷಕ್ಕೆ ಮುಗಿಯಿತು. ಒಂದು ವಿದ್ಯೆ ಕೊಟ್ಟರೆ ಅದು ಕೊನೆಯವರೆಗೆ ಅವರದೇ.

ಈ ಎರಡು ಕೊರತೆಗಳನ್ನು ಒಂದಕ್ಕೊಂದು ಜೋಡಿಸಿದ್ದೇ ರಮಾಬಾಯಿಯವರ ದೊಡ್ಡತನ ಎಂದು ನನಗನಿಸುತ್ತದೆ. ಸೇವೆ ಬೇಕಾದವರಿದ್ದಾರೆ. ಸೇವೆ ಮಾಡಬಲ್ಲ ಕೈಗಳು ಕೆಲಸವಿಲ್ಲದೆ, ಮಾನವಿಲ್ಲದೆ ಕುಳಿತಿವೆ. ಎರಡರ ನಡುವೆ ಇಲ್ಲದಿರುವುದು ಕಲಿಕೆ.

ಸೇವಾಸದನ

1908ರಲ್ಲಿ ಪಾರ್ಸಿ ಸುಧಾರಕ ಬೆಹರಾಮ್‌ಜಿ ಮಲಬಾರಿ ಮತ್ತು ಸಿಂಧಿನ ನ್ಯಾಯಾಧೀಶ ದಯಾರಾಮ್ ಗಿಡುಮಲ್ ಅವರು ಮುಂಬಯಿಯಲ್ಲಿ ಸೇವಾಸದನವನ್ನು ಆರಂಭಿಸುವ ಯೋಚನೆಯಿಂದ ರಮಾಬಾಯಿಯವರನ್ನು ಕಂಡರು. ಎಲ್ಲ ಧರ್ಮದ ಭಾರತೀಯ ಹೆಣ್ಣುಮಕ್ಕಳು ಸೇವೆಯ ಕೆಲಸಕ್ಕೆ ಸಿದ್ಧರಾಗಲು ಒಂದು ಮನೆ ಬೇಕು ಎಂಬುದು ಅವರ ಕನಸು. ರಮಾಬಾಯಿ ಅದರ ಅಧ್ಯಕ್ಷೆಯಾದರು. ಮರುವರ್ಷ, 1909ರಲ್ಲಿ, ಪುಣೆಯ ತಮ್ಮ ಸ್ವಂತ ವಾಡೆಯಲ್ಲೇ ಪುಣೆಯ ಸೇವಾಸದನವನ್ನು ಶುರುಮಾಡಿದರು. ಮುಂಬಯಿಯ ಸೇವಾಸದನ ಇಂದು ನಿಂತಿರುವ ರಸ್ತೆಗೆ ಪಂಡಿತಾ ರಮಾಬಾಯಿಯ ಹೆಸರಿದೆ. ಒಬ್ಬ ರಮಾಬಾಯಿ ಅಧ್ಯಕ್ಷೆಯಾಗಿದ್ದ ಸಂಸ್ಥೆಗೆ ಇನ್ನೊಬ್ಬ ರಮಾಬಾಯಿಯ ಹೆಸರಿನ ವಿಳಾಸ!

ಪುಣೆಯಲ್ಲಿ ಅವರಿಗೆ ಬಲಗೈಯಾಗಿ ನಿಂತವರು ಗೋಪಾಲ ಕೃಷ್ಣ ದೇವಧರ್. ಇವರು ಗೋಖಲೆಯವರು 1905ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜದ ಸದಸ್ಯರು. ಆ ಸಮಾಜದ ಒಂದು ಕಟ್ಟಳೆಯನ್ನು ಇಲ್ಲಿ ಹೇಳಬೇಕು. ದೇಶಸೇವೆ ಮಾಡುತ್ತೇನೆ ಎಂದು ಬಂದವರನ್ನು ನೇರವಾಗಿ ಕೆಲಸಕ್ಕೆ ಬಿಡುತ್ತಿರಲಿಲ್ಲ. ಐದು ವರ್ಷ ತರಬೇತಿ. ಓದಬೇಕು, ಊರು ಸುತ್ತಬೇಕು, ದೇಶದ ಸ್ಥಿತಿಗತಿಯನ್ನು ಅಂಕಿ ಅಂಶಗಳ ಸಮೇತ ತಿಳಿಯಬೇಕು. ಗೋಖಲೆಯವರಿಗೆ ಹೀಗೆ ಓದಿ ಕೆಲಸ ಮಾಡುವ ಶಿಸ್ತನ್ನು ಕಲಿಸಿದ ಗುರು ಯಾರೆಂದರೆ ನ್ಯಾಯಮೂರ್ತಿ ರಾನಡೆಯವರೇ. ಹೀಗೆ, ರಾನಡೆಯವರಿಂದ ಕಲಿತ ಹೆಂಡತಿ ಮತ್ತು ರಾನಡೆಯವರ ಶಿಷ್ಯನ ಶಿಷ್ಯ ಇಬ್ಬರೂ ಸೇರಿ ಹೆಣ್ಣುಮಕ್ಕಳಿಗಾಗಿ ಅದೇ ಶಿಸ್ತಿನ ಸಂಸ್ಥೆ ಕಟ್ಟಿದರು.

ಕೆಲಸ ಚಿಕ್ಕದಾಗಿ ಶುರುವಾಯಿತು. ಓದುಬರಹ ಬಾರದ ದೊಡ್ಡ ಹೆಂಗಸರಿಗೆ ಮಧ್ಯಾಹ್ನದ ಪಾಠ. ಅಡುಗೆ, ಪಾತ್ರೆ ಎಲ್ಲ ಮುಗಿಸಿಕೊಂಡು ಬರುವವರಿಗೆ ಹೊಂದುವ ಹೊತ್ತು. ಜೊತೆಗೆ ಹೊಲಿಗೆ, ಕಸೂತಿ, ಪ್ರಥಮ ಚಿಕಿತ್ಸೆ, ಮನೆಯಲ್ಲಿ ರೋಗಿಗಳ ಆರೈಕೆ, ಸಂಗೀತ. ಕಲಿಯಲು ಬಂದವರಲ್ಲಿ ಗೃಹಿಣಿಯರೂ ಇದ್ದರು, ವಿಧವೆಯರೂ ಇದ್ದರು, ಗಂಡ ಬಿಟ್ಟವರೂ ಇದ್ದರು. ಪರ ಊರಿನಿಂದ ಬಂದವರಿಗಾಗಿ ವಸತಿಗೃಹ ಬೇಕಾಯಿತು. ಕಲಿತವರು ಕಲಿಸುವವರಾಗಬೇಕು ಎಂದು ಶಿಕ್ಷಕಿಯರ ಟ್ರೇನಿಂಗ್ ಕಾಲೇಜು ಬಂತು, ಅವರು ಪಾಠ ಮಾಡಿ ಅಭ್ಯಾಸ ಮಾಡಲು ಒಂದು ಶಾಲೆಯೂ ಬಂತು.

ಇವೆಲ್ಲದರಲ್ಲಿ ಕಷ್ಟದ್ದೆಂದರೆ ನರ್ಸಿಂಗ್. ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳಿಗೆ ನರ್ಸಿಂಗ್ ಮತ್ತು ಹೆರಿಗೆಯ ತರಬೇತಿ ಕೊಡಿಸುವ ಏರ್ಪಾಡಾಯಿತು. ಆದರೆ ಮನೆಯವರು ಕಳಿಸಬೇಕಲ್ಲ! ದಾದಿಯ ಕೆಲಸವೆಂದರೆ ಎಲ್ಲ ಜಾತಿಯವರ ಮೈ ಮುಟ್ಟಬೇಕು, ಮಲಮೂತ್ರ ಬಳಿಯಬೇಕು, ರಾತ್ರಿ ಪಾಳಿ ಮಾಡಬೇಕು, ಪರಗಂಡಸರಾದ ಡಾಕ್ಟರುಗಳ ಮಾತು ಕೇಳಬೇಕು. ಮಡಿವಂತ ಮನೆಗಳಿಗೆ ಇದಕ್ಕಿಂತ ದೊಡ್ಡ ಅಪಮಾನವಿರಲಿಲ್ಲ. ಮನೆಯಲ್ಲಿ ಅವಳನ್ನು ಹೊಟ್ಟೆತುಂಬ ಉಣ್ಣಲು ಬಿಡದವರಿಗೆ ಕೂಡ ಅವಳು ಆಸ್ಪತ್ರೆಗೆ ಹೋಗುತ್ತಾಳೆ ಎಂದಾಗ ಮನೆತನದ ಮರ್ಯಾದೆ ನೆನಪಾಗುತ್ತಿತ್ತು.

ಇಲ್ಲಿ ರಮಾಬಾಯಿಯವರ ನಡೆ ನುಡಿ ಕೆಲಸಕ್ಕೆ ಬಂತು. ನ್ಯಾಯಮೂರ್ತಿಗಳ ಪತ್ನಿ, ಆಚಾರವಂತ ವಿಧವೆ, ಹಿರಿಯರಿಗೆ ಎದುರಾಡದವರು ಎಂದು ಊರಿಗೆಲ್ಲ ಗೊತ್ತಿತ್ತು. ಅವರ ಮೇಲ್ವಿಚಾರಣೆಯ ವಸತಿಗೃಹದಲ್ಲಿ ಮಗಳನ್ನು ಬಿಟ್ಟರೆ ಭಯವಿಲ್ಲ ಎಂಬ ನಂಬಿಕೆ ನಿಧಾನವಾಗಿ ಹುಟ್ಟಿತು. ಒಬ್ಬಿಬ್ಬರಿಂದ ಶುರುವಾಗಿ ಸಂಖ್ಯೆ ಬೆಳೆಯಿತು. ಸೇವೆ ಎಂಬ ಹಳೆಯ ಪುಣ್ಯದ ಮಾತಿಗೆ ಪರೀಕ್ಷೆ, ಸರ್ಟಿಫಿಕೇಟು, ಸಂಬಳ ಎಂಬ ಹೊಸ ಮಾತುಗಳು ಸೇರಿಕೊಂಡವು.

ಸಂಬಳ ತೆಗೆದುಕೊಂಡು ಮಾಡುವುದು ಸೇವೆಯೇ ಎಂಬ ಪ್ರಶ್ನೆ ಇಂದಿಗೂ ನಮ್ಮ ಸಂಘಗಳ ಸಭೆಗಳಲ್ಲಿ ಬರುತ್ತದೆ. ಸೇವಾಸದನದಲ್ಲಿ ಇದಕ್ಕೆ ಉತ್ತರ ಕೆಲಸದಲ್ಲೇ ಇತ್ತು. ಹೊಟ್ಟೆಗಿಲ್ಲದ ವಿಧವೆಗೆ ಉಚಿತ ಸೇವೆಯ ಉಪದೇಶ ಮಾಡುವುದು ಅನ್ಯಾಯ. ಅವಳ ದುಡಿಮೆಗೆ ಬೆಲೆ ಬರಬೇಕು. ಬೆಲೆ ಬರಬೇಕಾದರೆ ಅವಳಿಗೆ ಕೆಲಸ ಚೆನ್ನಾಗಿ ಬರಬೇಕು. ಮನೆ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲಬೇಕಾಗಿದ್ದವಳೇ ನಾಳೆ ಇನ್ನೊಬ್ಬರ ಜೀವ ಉಳಿಸುವವಳಾಗಬಹುದು.

ಸಭೆಯಲ್ಲಿ ಕೆರಳಿದ ದಿನ

ರಮಾಬಾಯಿಯವರು ಸಿಟ್ಟಾಗುತ್ತಿದ್ದುದು ಅಪರೂಪ. ಅವರ ಸಿಟ್ಟಿನ ಒಂದು ಪ್ರಸಂಗ ಮಾತ್ರ ಅವರ ಜೀವನ ಬರೆದವರೆಲ್ಲ ಹೇಳುವಂಥದ್ದು. ಸಂಸ್ಥೆಯ ವಾರ್ಷಿಕ ಸಮಾರಂಭ. ಬಹುಮಾನ ತೆಗೆದುಕೊಳ್ಳಲು ಒಬ್ಬ ವಿಧವೆ ವೇದಿಕೆಗೆ ಬಂದಳು. ಕೆಂಪು ಸೀರೆ, ಸೆರಗು ಹೊದ್ದ ತಲೆ, ಆ ಕಾಲದ ವಿಧವೆಯ ವೇಷ. ಮೇಲಿನ ಗ್ಯಾಲರಿಯಲ್ಲಿ ಕುಳಿತಿದ್ದ ವಿದ್ಯಾರ್ಥಿಗಳು ಅಪಹಾಸ್ಯ ಮಾಡಿ ಕೂಗಿದರು. ಆ ಹೆಣ್ಣುಮಗಳು ಬಹುಮಾನ ಪಡೆದು ಇಳಿದಳು.

ಸಮಾರಂಭದ ಕೊನೆಯ ಮಾತಿಗೆ ನಿಂತಾಗ ರಮಾಬಾಯಿಯವರ ಮುಖ ಕೋಪದಿಂದ ಕೆಂಪಾಗಿತ್ತು. ಆ ಹುಡುಗರನ್ನು ತುಂಬಿದ ಸಭೆಯಲ್ಲಿ ತರಾಟೆಗೆ ತೆಗೆದುಕೊಂಡರು. ಕಾಲೇಜು ಕಲಿತವರೆನಿಸಿಕೊಂಡವರು ಹೀಗೆ ನಡೆದುಕೊಂಡದ್ದನ್ನು ಅವರಿಂದ ಸಹಿಸಲಾಗಲಿಲ್ಲ. ವಿಧವೆಯ ಪಾಡು ಅವಳು ಕೇಳಿ ತಂದುಕೊಂಡದ್ದಲ್ಲ. ಆ ಹುಡುಗರ ಮನೆಯಲ್ಲಿಯೂ ಅಂಥ ಅಕ್ಕ, ಅತ್ತೆ, ಸೋದರತ್ತೆ ಇರಬಹುದಾದ ಕಾಲ ಅದು.

ಮನೆಯೊಳಗೆ ತಮ್ಮ ಮೇಲೆ ಬಂದ ಬೈಗುಳಗಳನ್ನೆಲ್ಲ ಮೌನವಾಗಿ ನುಂಗಿದ ಹೆಣ್ಣು, ತಾವು ತರಬೇತಿ ಕೊಟ್ಟ ಹುಡುಗಿಯ ಮೇಲೆ ಬಂದ ಒಂದು ನಗೆಯನ್ನು ಸಹಿಸಲಿಲ್ಲ. ಯಾವುದೇ ಸಂಸ್ಥೆಯ ಹಿರಿಯರು ತಮ್ಮ ಕೆಲಸಗಾರರ ಪರವಾಗಿ ಹೀಗೆ ನಿಲ್ಲದಿದ್ದರೆ, ತರಬೇತಿ ಎಷ್ಟು ಕೊಟ್ಟರೂ ಆ ಕೆಲಸಗಾರರಿಗೆ ತಲೆ ಎತ್ತಿ ನಡೆಯುವ ಧೈರ್ಯ ಬರುವುದಿಲ್ಲ.

ಉಳಿದ ಕೆಲಸಗಳು, ಮತ್ತು ಮಿತಿಗಳು

1904ರಲ್ಲಿ ಮುಂಬಯಿಯಲ್ಲಿ ನಡೆದ ಭಾರತ ಮಹಿಳಾ ಪರಿಷತ್ತಿಗೆ ರಮಾಬಾಯಿಯವರೇ ಅಧ್ಯಕ್ಷೆ. 1910ರಲ್ಲಿ ಅವರ ಮರಾಠಿ ಆತ್ಮಕಥನ 'ಆಮಚ್ಯಾ ಆಯುಷ್ಯಾತೀಲ್ ಕಾಹೀ ಆಠವಣೀ' ಪ್ರಕಟವಾಯಿತು. ನಮ್ಮ ಬದುಕಿನ ಕೆಲವು ನೆನಪುಗಳು ಎಂದು ಅದರ ಅರ್ಥ. ಅಕ್ಷರವೇ ಗೊತ್ತಿಲ್ಲದೆ ಅತ್ತೆಮನೆಗೆ ಬಂದವರು ಬರೆದ ಆ ಪುಸ್ತಕ ಮರಾಠಿಯ ಹೆಸರಾಂತ ಆತ್ಮಕಥನಗಳಲ್ಲಿ ಒಂದು. ಫಿಜಿ, ಕೀನ್ಯಾಗಳಲ್ಲಿ ಭಾರತೀಯ ಕೂಲಿಗಳು ಪಡುತ್ತಿದ್ದ ಕಷ್ಟದ ಬಗ್ಗೆ ಅವರು ದನಿಯೆತ್ತಿದರು. ಹೆಣ್ಣುಮಕ್ಕಳಿಗೂ ಕಡ್ಡಾಯ ಪ್ರಾಥಮಿಕ ಶಿಕ್ಷಣ ಬೇಕೆಂದು ಪುಣೆಯಲ್ಲಿ ಹೋರಾಡಿದರು. ಹೆಣ್ಣುಮಕ್ಕಳ ಮತದಾನದ ಹಕ್ಕಿಗಾಗಿ ಮುಂಬಯಿ ಪ್ರಾಂತದಲ್ಲಿ ನಡೆದ ಚಳವಳಿಯ ಮುಂದಾಳುಗಳಲ್ಲಿ ಅವರೂ ಒಬ್ಬರು. 1921ರಲ್ಲಿ ಆ ಹಕ್ಕು ಸಿಕ್ಕಿತು.

ಅವರ ದಾರಿಗೆ ಮಿತಿಗಳೂ ಇದ್ದವು. ಸೇವಾಸದನದ ಬಾಗಿಲು ಎಲ್ಲರಿಗೂ ತೆರೆದಿತ್ತು, ಆದರೂ ಮೊದಲ ವರ್ಷಗಳಲ್ಲಿ ಒಳಗೆ ಬಂದವರಲ್ಲಿ ಮೇಲುಜಾತಿಯ ಹೆಣ್ಣುಮಕ್ಕಳೇ ಹೆಚ್ಚು. ಸಂಪ್ರದಾಯವನ್ನು ನೇರವಾಗಿ ಎದುರಿಸುವುದಕ್ಕಿಂತ ಅದರ ಪಕ್ಕದಲ್ಲೇ ನಡೆದು ದಾರಿ ಮಾಡಿಕೊಳ್ಳುವುದು ಅವರ ಸ್ವಭಾವ. ಪಂಡಿತಾ ರಮಾಬಾಯಿ ಹಾಗಲ್ಲ. ಅವರು ಇಂಗ್ಲೆಂಡಿಗೆ ಹೋಗಿ ಕ್ರೈಸ್ತರಾದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದು ಆಮೇಲೆ ಪುಣೆಗೆ ತಂದರು. 1893ರಲ್ಲಿ ಮತಾಂತರದ ವಿವಾದ ಎದ್ದಾಗ ಅದರ ಸಲಹಾ ಸಮಿತಿಯಿಂದ ಹೊರಬಂದವರಲ್ಲಿ ನ್ಯಾಯಮೂರ್ತಿ ರಾನಡೆಯವರೂ ಇದ್ದರು. ಇನ್ನೊಂದು ದಿಕ್ಕಿನಲ್ಲಿ ಮಹರ್ಷಿ ಕರ್ವೆಯವರು ವಿಧವಾಶ್ರಮದಿಂದ ಶುರುಮಾಡಿ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೇ ಕಟ್ಟಿದರು, ಮುಂಬಯಿಯವರಿಗೆ ಅದು ಎಸ್‌ಎನ್‌ಡಿಟಿ ಎಂದೇ ಪರಿಚಿತ. ಇವರೆಲ್ಲರಿಗಿಂತ ಬಹಳ ಮೊದಲು, 1848ರಲ್ಲೇ, ಫುಲೆ ದಂಪತಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಿದ್ದರು. ಒಂದೇ ಊರಿನಲ್ಲಿ ಇಷ್ಟು ದಾರಿಗಳು. ರಮಾಬಾಯಿ ರಾನಡೆಯವರ ದಾರಿ ಇವುಗಳಲ್ಲಿ ಮೆತ್ತಗಿನದು. ಆದರೆ ಬೇರೆ ಯಾರ ಮಾತಿಗೂ ಬಾಗಿಲು ತೆರೆಯದ ಮನೆಗಳ ಒಳಗೆ ಹೋಗಲು ಸಾಧ್ಯವಾದದ್ದು ಆ ಮೆತ್ತಗಿನ ದಾರಿಗೇ.

1924ರಲ್ಲಿ ರಮಾಬಾಯಿಯವರು ತೀರಿಕೊಂಡಾಗ ಪುಣೆಯ ಸೇವಾಸದನದಲ್ಲಿ ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ಕಲಿಯುತ್ತಿದ್ದರು. ಗಾಂಧೀಜಿಯವರು ತಮ್ಮ ಪತ್ರಿಕೆಯಲ್ಲಿ ಅವರಿಗೆ ಶ್ರದ್ಧಾಂಜಲಿ ಬರೆದರು. 1962ರಲ್ಲಿ, ಹುಟ್ಟಿ ನೂರು ವರ್ಷವಾದಾಗ, ಭಾರತ ಸರಕಾರ ಅವರ ಹೆಸರಿನ ಅಂಚೆಚೀಟಿ ತಂದಿತು. ಸಂಸ್ಥೆ ಇಂದಿಗೂ ನಡೆಯುತ್ತಿದೆ. ಕಟ್ಟಿದವರು ಹೋದ ಮೇಲೂ ನಡೆಯುವ ಸಂಸ್ಥೆ ಬೇಕಾದರೆ ಕೆಲಸ ಒಬ್ಬರ ತಲೆಯಲ್ಲಿ ಇರಬಾರದು, ಹತ್ತು ಜನರಿಗೆ ಕಲಿಸಿರಬೇಕು. ಅವರು ಕಲಿಸಿದ್ದರು.

ನಮಗೆ ಉಳಿದದ್ದು

ನಮ್ಮ ಮಹಿಳಾ ವಿಭಾಗಗಳೂ ಸೇವೆ ಮಾಡುತ್ತವೆ. ವೃದ್ಧಾಶ್ರಮಕ್ಕೆ ಹೋಗುತ್ತೇವೆ, ಶಾಲೆಯ ಮಕ್ಕಳಿಗೆ ನೋಟ್‌ಬುಕ್ ಕೊಡುತ್ತೇವೆ, ಆರೋಗ್ಯ ಶಿಬಿರ ನಡೆಸುತ್ತೇವೆ, ರಾಜ್ಯೋತ್ಸವದ ಖರ್ಚಿನಲ್ಲಿ ಉಳಿಸಿ ಒಂದಿಬ್ಬರು ಹುಡುಗಿಯರ ಫೀಸು ಕಟ್ಟುತ್ತೇವೆ. ಮನಸ್ಸಿಗೆ ಕೊರತೆಯಿಲ್ಲ. ಆದರೆ ವೃದ್ಧಾಶ್ರಮದಲ್ಲಿ ಮರೆವಿನ ಕಾಯಿಲೆಯ ಅಜ್ಜಿಯ ಜೊತೆ ಹೇಗೆ ಮಾತಾಡಬೇಕು ಎಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಫೀಸು ಕಟ್ಟಿದ ಹುಡುಗಿ ಮರುವರ್ಷ ಶಾಲೆಯಲ್ಲಿ ಇದ್ದಾಳೆಯೇ ಎಂದು ನೋಡಿಕೊಳ್ಳುವವರು ಯಾರು? ಮನೆಯಲ್ಲಿ ಹೊಡೆತ ತಿಂದು ಬಂದವಳು ಎದುರು ಕುಳಿತಾಗ ಏನು ಕೇಳಬೇಕು, ಏನು ಕೇಳಬಾರದು, ಯಾರ ಹತ್ತಿರ ಕಳಿಸಬೇಕು? ಸಂಘದ ಲೆಕ್ಕಪತ್ರವನ್ನು ಖಜಾಂಚಿಯೊಬ್ಬರನ್ನು ಬಿಟ್ಟು ಇನ್ನೊಬ್ಬರು ಓದಬಲ್ಲರೇ?

ಇವೆಲ್ಲ ಕಲಿಯುವಂಥ ವಿಷಯಗಳೇ. ಇಂದು ಇವಕ್ಕೆ ಕೋರ್ಸುಗಳಿವೆ, ಕಾರ್ಯಾಗಾರಗಳಿವೆ. ಮುಂಬಯಿಯಲ್ಲಿ 1936ರಲ್ಲಿ ಟಾಟಾ ಟ್ರಸ್ಟಿನ ನೆರವಿನಿಂದ ಶುರುವಾದ ಸಮಾಜಸೇವಾ ಶಾಲೆಯೇ ಇಂದು ದೇವನಾರಿನಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ಎಲ್ಲರೂ ಪದವಿ ಪಡೆಯಬೇಕೆಂದಿಲ್ಲ. ನಮ್ಮ ಸದಸ್ಯೆಯರಲ್ಲೇ ನಿವೃತ್ತ ನರ್ಸುಗಳಿದ್ದಾರೆ, ಶಿಕ್ಷಕಿಯರಿದ್ದಾರೆ, ವಕೀಲರಿದ್ದಾರೆ, ಬ್ಯಾಂಕಿನಲ್ಲಿ ದುಡಿದವರಿದ್ದಾರೆ. ತಿಂಗಳಿಗೊಂದು ಮಧ್ಯಾಹ್ನ ಒಬ್ಬರು ಕಲಿಸಿ ಉಳಿದವರು ಕಲಿತರೆ ಸಾಕು. ಸೇವಾಸದನ ಶುರುವಾದದ್ದೂ ಒಂದು ಮನೆಯಲ್ಲಿ, ಅಡುಗೆ ಕೆಲಸ ಮುಗಿದ ಮೇಲಿನ ಬಿಡುವಿನ ಹೊತ್ತಿನಲ್ಲೇ.

ಮುಂದಿನ ಸಲ ನಾವು ಆಸ್ಪತ್ರೆಗೆ ಹಣ್ಣಿನ ಬುಟ್ಟಿ ಒಯ್ಯುವಾಗ ಅದನ್ನು ಖಂಡಿತ ಒಯ್ಯೋಣ. ರಮಾಬಾಯಿಯವರೂ ಒಯ್ಯುತ್ತಿದ್ದರು. ಜೊತೆಗೆ ಅಲ್ಲಿನ ಮೇಟ್ರನ್ ಹತ್ತಿರ, ನಮ್ಮಿಂದ ಏನು ಕೆಲಸವಾಗಬೇಕು, ಅದನ್ನು ನಮಗೆ ಯಾರು ಕಲಿಸಿಕೊಡುತ್ತಾರೆ ಎಂದು ಕೇಳಿಕೊಂಡು ಬರೋಣ.